ಹಾಡಿನೊಳಗಿನ ಬಲಗೈ

ಮಧ್ಯಾಹ್ನ, ಅಂಗಳದ ಕೆಂಡದ ಮೇಲೆ ಕುರಿಮಾಂಸ ಇನ್ನೂ ಚುರುಗುಟ್ಟುತ್ತಿದ್ದಾಗಲೇ, ಗಾಯಕ ತನ್ನ ಹಾಡಿನಲ್ಲಿ ಅರ್ಖಿಯಸ್‌ನನ್ನು ಕೊಂದ — ಗಾಯ ಎದೆಯಲ್ಲಿ, ಮುಖ ಶತ್ರುಗಳ ಕಡೆಗೇ, ಬಲಗೈಯಲ್ಲಿ ಎತ್ತಿದ ಭರ್ಜಿ — ತನ್ನ ಗಂಡ ಇಷ್ಟು ಚೆಂದವಾಗಿ ಸತ್ತಾನೆಂದು ಮೆಲಿಟ್ಟ ನೆನೆಸಿರಲಿಲ್ಲ, ಬಲಗೈ, ಬಲಗೈ ಅಂದನೇ ಇವನು, ರೊಟ್ಟಿ ಮುರಿದದ್ದು ಎಡಗೈ, ಕುರಿಯ ಉಣ್ಣೆ ಕತ್ತರಿಸಿದ್ದು ಎಡಗೈ, ಯುದ್ಧಕ್ಕೆ ಹೊರಟ ದಿನ ಹಡಗಿನ ಡಾಂಬರು ಮೆತ್ತಿದ ಅದೇ ಎಡಗೈಯನ್ನು ಬಾಗಿಲ ಕಂಬಕ್ಕೆ ಒತ್ತಿ, ನಾನು ಬಂದ ಮೇಲೇ ಇದನ್ನ ತೊಳಿ ಎಂದು ನಕ್ಕಿದ್ದ, ಗುರುತು ಇನ್ನೂ ಅಲ್ಲೇ ಇದೆ, ಐದು ಬೆರಳು, ಕಪ್ಪಗೆ. ಪಕ್ಕದಲ್ಲಿ ಮಾವ ಗ್ಲೌಕಿಯಸ್ ಗಡ್ಡ ನೆನೆಯುವಷ್ಟು ಅಳುತ್ತಿದ್ದಾನೆ, ಕೇಳಿದ್ಯಾ ಮಗಳೇ, ನನ್ನ ಮಗ ಬೆನ್ನು ತೋರಿಸ್ಲಿಲ್ಲ, ನಮ್ಮ ಸಾಮೋಸ್ ದ್ವೀಪ ಮುಳುಗಿದ್ರೂ ಈ ಹಾಡು ಮುಳುಗಲ್ಲ — ಮಾವ, ಅವರದ್ದು ಎಡಗೈ ಅಲ್ವಾ — ಶ್, ಹಾಡಲ್ಲಿ ವೀರರಿಗೆಲ್ಲ ಬಲಗೈಯೇ ಕಣಮ್ಮ, ಸುಮ್ನಿರು. ಹೌದು, ಮಾವನಿಗೆ ಅದು ಬೇಕು, ಅಪಶಕುನದ ಕೈ ಎಂದು ಮಗನ ಚಿಕ್ಕಂದಿನಲ್ಲಿ ಆ ಎಡಗೈಯನ್ನು ಉಣ್ಣೆಯ ಹುರಿಯಿಂದ ಕಟ್ಟಿಟ್ಟವನೇ ಇವನು, ಗಾಯಕರ ಬಳಿ ಇರುವುದೂ ಒಂದೇ ಸಾವು, ಹೆಸರು ಬದಲಿಸಿ ಊರೂರಿಗೆ ಹಂಚುತ್ತಾರೆ, ಅದನ್ನೇ ಹಿಡಿದು ಯಾರನ್ನೂ ಸುಳ್ಳ ಅನ್ನುವಂತಿಲ್ಲ — ಆದರೆ ಎದುರಿಗೆ ಕೂತ ಆ ಫಾನೋಸ್, ಅರ್ಖಿಯಸ್‌ನದೆಂದು ಬೂದಿಯ ಕೊಡ ಹೊತ್ತು ಯುದ್ಧ ನಡೆದ ಮಿಲೇಟೋಸಿನಿಂದ ಬಂದವನು, ಬಂದ ದಿನ ಅತ್ತಿಗೆ ಎಂದವನು, ನಿನ್ನೆಯಿಂದ ಮೆಲಿಟ್ಟ ಎನ್ನುತ್ತಾನೆ, ಮಂದೆಯಲ್ಲಿ ಕುರಿ ಎಷ್ಟಿವೆ ಎಂದು ಕೇಳುತ್ತಾನೆ, ಸಾಯುವಾಗ ಗೆಳೆಯ ನಿನ್ನನ್ನು ನನಗೆ ಒಪ್ಪಿಸಿದ ಎನ್ನುತ್ತಾನೆ. ಹಾಡು ಮುಗಿದಿದೆ, ಬಟ್ಟಲು ಅವಳ ಕೈಗೆ ಬಂದಿದೆ, ದ್ರಾಕ್ಷಾರಸ ತುಂಬಿ ಅವನಿಗೆ ಕೊಟ್ಟರೆ ಅವಳು ಅವನ ಹೆಂಡತಿ, ಕೊಡದಿದ್ದರೆ ಅವನ ಮಾತಿನ ಮೇಲೆ ಕಟ್ಟಿದ ಹಾಡೇ ಸುಳ್ಳಾಗುತ್ತದೆ, ಮಾವನ ಮುಖದ ಆ ಬೆಳಕು ಆರಿಹೋಗುತ್ತದೆ, ಅರ್ಖಿಯಸ್ ಮತ್ತೆ ಹೇಗೋ ಎಲ್ಲೋ ಇಲ್ಲವಾದವನು. ಕೊಡು ತಾಯಿ, ತಡ ಯಾಕೆ, ಮಾವ ಅಂದ. ತುಂಬಿದಳು, ತುಳುಕಿತು, ಬಾಯಿ ತಾನಾಗಿ ಕೇಳಿತು — ನೀವು ಅವರ ಜೊತೆ ಉಂಡಿದ್ರಾ? ಉಂಡಿದ್ದಾ? ಮೂರು ಚಳಿಗಾಲ ಒಂದೇ ಪಾತ್ರೇಲಿ. ಹಾಗಾದ್ರೆ ಹೇಳಿ, ಯಾವ ಕೈಲಿ ಉಣ್ತಿದ್ರು? ಇದೆಂಥಾ ಪ್ರಶ್ನೆ, ಅವನು ಸುತ್ತ ನೋಡಿ ನಕ್ಕ, ಗಂಡಸು ಯಾವ ಕೈಲಿ ಉಣ್ತಾನೆ, ಬಲಗೈಲಿ, ಚಿತೆ ಮೇಲೆ ಆ ಕೈ ಮಡಿಸಿ ಇಟ್ಟವನೇ ನಾನು. ಮಾವನ ಅಳು ನಿಂತಿತು, ಮುದುಕ ತಲೆ ಎತ್ತಿ ಅತಿಥಿಯನ್ನಲ್ಲ, ಬಾಗಿಲ ಕಂಬವನ್ನು ನೋಡುತ್ತಿದ್ದಾನೆ, ಹಾಗಾದರೆ ಕೊಡದಲ್ಲಿರುವುದು ಯಾರ ಬೂದಿ, ಯಾವ ಹೆಂಗಸು ಎಲ್ಲಿ ಕಾಯುತ್ತಿದ್ದಾಳೆ, ಅರ್ಖಿಯಸ್ ಓಡಿದನೇ, ಸೆರೆಯಾದನೇ, ಓಡಿದ್ದರೂ ಸರಿ, ಬದುಕಿರಲಿ, ಬೆನ್ನು ತೋರಿಸಿಯೇ ಬದುಕಿರಲಿ — ಕಂಬ, ಡಾಂಬರು, ಐದು ಬೆರಳು, ಹೆಬ್ಬೆರಳು ಬಲಕ್ಕೆ ಚಾಚಿದ ಎಡಗೈ.

ಬಟ್ಟಲಿನಲ್ಲಿದ್ದುದನ್ನು ಗ್ಲೌಕಿಯಸ್ ಎದ್ದುಬಂದು ನೆಲಕ್ಕೆ ಸುರಿದ. ಫಾನೋಸ್ ಅದೇ ಸಂಜೆ ಹಡಗು ಹತ್ತಿದ, ಕೊಡವನ್ನು ಬಿಟ್ಟುಹೋದ.