ಗುಂಡುಸೂಜಿ ಚುಚ್ಚಿದ ಮನೆಗಳು

"ಅದನ್ನ ಸ್ವಲ್ಪ ಎತ್ತಿ ಪಕ್ಕಕ್ಕಿಡಮ್ಮ. ಇಲ್ದಿದ್ರೆ ಹೇಗೆ ಕಾಣುತ್ತೆ ನೋಡೋಣ," ಎಂದರು ಯೋಜನಾ ಮಂಡಳಿಯ ಅಧ್ಯಕ್ಷರು, ಬಿಸ್ಕತ್ತು ಹಿಡಿದ ಕೈಯಿಂದಲೇ ಮೇಜಿನ ಮೇಲಿನ ಬಡಾವಣೆಯ ಮಾದರಿಯನ್ನು ತೋರಿಸುತ್ತ. ಬಿಸ್ಕತ್ತಿನ ಪುಡಿ ರಟ್ಟಿನ ಮುಖ್ಯರಸ್ತೆಯ ಮೇಲೆ ಉದುರಿತು.

"ಅದು" ಅಂದರೆ ಮೂಲೆಯಲ್ಲಿದ್ದ ನಾಲ್ಕಂತಸ್ತಿನ ಪುಟ್ಟ ಕಟ್ಟಡ. ಕಡಿಮೆ ಬೆಲೆಯ ನಲವತ್ತು ಮನೆ. ಅದರ ಮುಂದೆ ಇಪ್ಪತ್ತೆರಡು ಅಂತಸ್ತಿನ ಎರಡು ಗೋಪುರಗಳು ಎದೆ ಸೆಟೆಸಿ ನಿಂತಿದ್ದವು. ಬಡವರಿಗೆ ನಲವತ್ತು ಮನೆ ಕಟ್ಟಿಕೊಡುತ್ತೇನೆಂದು ಬಿಲ್ಡರ್ ಬರೆದುಕೊಟ್ಟದ್ದಕ್ಕೇ ಈ ಯೋಜನಾ ಮಂಡಳಿ ಹೋದ ವರ್ಷ ಗೋಪುರಗಳಿಗೆ ನಾಲ್ಕು ನಾಲ್ಕು ಅಂತಸ್ತು ಹೆಚ್ಚಿಗೆ ದಯಪಾಲಿಸಿತ್ತು. ಆ ಅಂತಸ್ತುಗಳನ್ನು ಅವನು ಉಂಡು, ಅರಗಿಸಿಕೊಂಡು, ಕೈ ತೊಳೆದುಕೊಂಡಾಗಿತ್ತು. ಈಗ ಉಳಿದ ನಲವತ್ತು ಮನೆ ಹಲ್ಲಿನ ಸಂದಿಯ ಎಳೆಯ ಹಾಗೆ ಎಲ್ಲರಿಗೂ ಕಿರಿಕಿರಿ ಮಾಡುತ್ತಿತ್ತು.

ಮಾದರಿ ಮಾಡಿದವಳು ಗೋಡೆ ಬಿಟ್ಟು ಮುಂದೆ ಬಂದಳು. ಹದಿನಾರು ವರ್ಷದಿಂದ ರಟ್ಟು ಕೊಯ್ದು, ಸ್ಪಂಜಿನ ಮರ ನೆಟ್ಟು, ಊರು ಊರೇ ಕಟ್ಟಿದವಳು. ಸ್ವಂತಕ್ಕೆ ಇದ್ದದ್ದು ಮಾತ್ರ ವರ್ಕ್‌ಶಾಪಿನ ಹಿಂದಿನ ಒಂದು ಕೋಣೆ. ಗಂಡ ಹೆಂಡತಿ ಮಲಗಿದರೆ ಬಾಗಿಲು ತೆರೆಯಲು ಒಬ್ಬರು ಏಳಬೇಕು. ಹಾಗಾಗಿ ಒಂಬತ್ತು ವರ್ಷದ ಮಗಳು ದೊಡ್ಡಮ್ಮನ ಮನೆಯಲ್ಲಿದ್ದಳು. ಭಾನುವಾರ ಬಂದು, ನೆಂಟರ ಹಾಗೆ ಸಂಜೆಗೆ ಹೊರಡುತ್ತಿದ್ದಳು. ಈ ನಲವತ್ತು ಮನೆಗಳನ್ನು ಚೀಟಿ ಎತ್ತಿ ಹಂಚಿದ ಪಟ್ಟಿಯಲ್ಲಿ ಮಾದರಿಯವಳ ಹೆಸರಿಗೂ ಒಂದು ಮನೆ ಬಂದಿತ್ತು. ಎರಡನೇ ಮಹಡಿ, ಎಡದಿಂದ ಮೂರನೆಯದು.

ಈ ಕೆಲಸದಲ್ಲಿ ಒಂದು ಪದ್ಧತಿಯಿದೆ. ಉಳಿಯುವ ಕಟ್ಟಡವನ್ನು ಅಂಟು ಹಾಕಿ ಕೂರಿಸುವುದು, ಹೋಗುವ ಕಟ್ಟಡಕ್ಕೆ ಗುಂಡುಸೂಜಿ ಚುಚ್ಚುವುದು. ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಅಂತ ಬಿಲ್ಡರುಗಳೇ ಮೊದಲೇ ಹೇಳಿಬಿಡುತ್ತಾರೆ, ಮಂಡಳಿಗೆ ಗೊತ್ತಾಗುವ ಮುಂಚೆಯೇ. ಅವಳು ಇದುವರೆಗೆ ಕಡಿಮೆ ಬೆಲೆಯ ಮನೆಗಳನ್ನು ಹನ್ನೊಂದು ಸಲ ಮಾಡಿದ್ದಳು. ಹನ್ನೊಂದು ಸಲವೂ ಗುಂಡುಸೂಜಿಯೇ. ಈ ಸಲವೂ ಬಿಲ್ಡರ್ ಫೋನಿನಲ್ಲಿ, "ಹಿಂದಿನ ಪುಟ್ಟದಕ್ಕೆ ಪಿನ್ ಸಾಕಮ್ಮ," ಎಂದಿದ್ದ. ಅವಳು "ಆಗ್ಲಿ ಸರ್" ಎಂದು ಫೋನಿಟ್ಟು, ಇದ್ದುದರಲ್ಲೇ ಗಟ್ಟಿಯಾದ ಅಂಟು ತೆಗೆದು, ತಳದ ತುಂಬ ಬಳಿದು ಕೂರಿಸಿದ್ದಳು. ತನ್ನ ಅಂಟಿಗೆ ಮಂಡಳಿಯನ್ನು ಹಿಡಿದು ನಿಲ್ಲಿಸುವ ಶಕ್ತಿಯಿಲ್ಲ ಅಂತ ಅವಳಿಗೂ ಗೊತ್ತಿತ್ತು. ಆದರೂ ಬಳಿದಿದ್ದಳು.

"ಬರ್ತಾ ಇಲ್ಲ ಸರ್," ಎಂದಳು, ಎರಡು ಬೆರಳಲ್ಲಿ ಕಟ್ಟಡ ಹಿಡಿದು.

"ಬರ್ತಾ ಇಲ್ಲ ಅಂದ್ರೆ? ಪಿನ್ ತಾನೇ?" ಬಿಲ್ಡರ್ ಕುರ್ಚಿಯಿಂದ ಅರ್ಧ ಎದ್ದ.

"ಅಂಟು ಹಾಕ್ಬಿಟ್ಟೆ ಸರ್. ತಪ್ಪಾಯ್ತು."

"ನೋಡ್ರಪ್ಪ, ಕಾಗದದ್ದೇ ಎಬ್ಬಿಸೋಕಾಗ್ತಿಲ್ಲ. ಇನ್ನು ಜನ ಬಂದು ಕೂತ್ರೆ ಆಯ್ತು ಕಥೆ!" ಎಂದರು ನಿವೃತ್ತ ಇಂಜಿನಿಯರ್ ಸದಸ್ಯರು. ಕೆಲಸದಲ್ಲಿದ್ದಾಗ ಒಂದು ಸೇತುವೆ ಕಟ್ಟಿ, ಅದು ಬಿದ್ದ ಮೇಲೆ ಬಡ್ತಿ ಪಡೆದವರು. ಮೇಜಿನ ಸುತ್ತ ನಗೆ ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು 'ಹೂಂ ಸ್ವಾಮಿ'. ಆರು ವರ್ಷದ ಸದಸ್ಯತ್ವದಲ್ಲಿ ಬೇರೆ ಮಾತೇ ಆಡದ್ದಕ್ಕೆ ಜವಾನರು ಇಟ್ಟ ಹೆಸರು ಅದು.

ಅಧ್ಯಕ್ಷರು ಬಗ್ಗಿ, ಕನ್ನಡಕ ಮೂಗಿನ ತುದಿಗೆ ತಂದು ನೋಡಿದರು. "ಇದೇನಮ್ಮ, ಒಂದೇ ಒಂದು ಕಿಟಕಿ ಹಳದಿ?"

ಹೋದ ಭಾನುವಾರ ಮಗಳು ಸ್ಕೆಚ್ ಪೆನ್ನಿನಲ್ಲಿ ಬಳಿದದ್ದು. "ನಮ್ಮನೇಲಿ ಲೈಟ್ ಹಾಕಿದೀನಮ್ಮ," ಎಂದಿದ್ದಳು.

"ಬಣ್ಣ ತಾಗಿದೆ ಸರ್," ಎಂದಳು ತಾಯಿ.

"ಅಚ್ಚುಕಟ್ಟು ಇರ್ಬೇಕಮ್ಮ ಕೆಲಸದಲ್ಲಿ," ಎಂದು ಅಧ್ಯಕ್ಷರು ಉಪದೇಶಿಸಿ, ಬಿಸ್ಕತ್ತು ಬಾಯಿಗೆ ಹಾಕಿಕೊಂಡು, ಎರಡೂ ಕೈಯಿಂದ ಕಟ್ಟಡ ಹಿಡಿದು ಜಗ್ಗಿದರು. ಪರ್ರೆಂದು ಅದು ಕಿತ್ತು ಬಂತು, ಜೊತೆಗೆ ಅಂಗೈಯಗಲ ಹುಲ್ಲು, ಒಂದು ತುಂಡು ರಸ್ತೆ. ಅಡಿಯಲ್ಲಿ ಬಿಳಿಯ ಥರ್ಮಾಕೋಲಿನ ಗುಂಡಿ ಬಾಯಿ ಬಿಟ್ಟಿತು.

"ಆಹಾ, ಎಷ್ಟು ಗಾಳಿ ಬೆಳಕು!" ಎಂದರು ಇಂಜಿನಿಯರ್.

"ಹೂಂ ಸ್ವಾಮಿ."

ಮಂಡಳಿಯ ಏಕೈಕ ಮಹಿಳಾ ಸದಸ್ಯೆ ಪೆನ್ನು ಎತ್ತಿದರು. ಸಭೆಗೊಂದು ಪ್ರಶ್ನೆ ಕೇಳುವುದು ಅವರ ವ್ರತ. "ಆದ್ರೆ ಪಟ್ಟೀಲಿ ಹೆಸರು ಬಂದೋರು ಇದಾರಲ್ಲ, ಅವರ ಗತಿ?"

ಮಾದರಿಯವಳು ಮೇಜಿಗೆ ಇನ್ನಷ್ಟು ಹತ್ತಿರ ಸರಿದಳು.

"ಮುಂದಿನ ಹಂತದಲ್ಲಿ ಮೇಡಂ," ಎಂದ ಬಿಲ್ಡರ್, ಅಂಗೈ ಎದೆಗಿಟ್ಟು. "ಅವರನ್ನ ಬಿಟ್ಟು ನಾವುಂಟೆ? ಇಲ್ಲಿ ಆ ದೊಡ್ಡೋರ ನೆರಳಲ್ಲಿ ಪಾಪ ಅವರಿಗೇ ಮುಜುಗರ. ಬೇರೆ ಕಡೆ ಬಿಸಿಲು ಚೆನ್ನಾಗಿರೋ ಜಾಗ ನೋಡ್ತೀವಿ."

"ಯಾವ ಕಡೆ ಸರ್?"

ಕೇಳಿದ್ದು ಸದಸ್ಯೆಯಲ್ಲ, ಮಾದರಿಯವಳು. ಕುರ್ಚಿಗೇ ಮಾತು ಬಂದ ಹಾಗೆ ಎಲ್ಲರೂ ತಿರುಗಿ ನೋಡಿದರು.

"ನಿನಗ್ಯಾಕಮ್ಮ ಅದು?" ಎಂದರು ಅಧ್ಯಕ್ಷರು.

"ಮಾದರಿ ಮಾಡ್ಬೇಕಲ್ಲ ಸರ್, ಅದಕ್ಕೆ."

"ಆಗ ಹೇಳ್ತೀವಿ," ಎಂದ ಬಿಲ್ಡರ್. ಸದಸ್ಯೆ ಪೆನ್ನಿಗೆ ಕ್ಯಾಪ್ ಹಾಕಿದರು. ಪ್ರಶ್ನೆ ಕೇಳಿಯಾಗಿತ್ತು, ಉತ್ತರ ವ್ರತದಲ್ಲಿ ಸೇರಿರಲಿಲ್ಲ. ಒಪ್ಪಿಗೆಗೆ ಕೈಗಳು ಮೇಲೆದ್ದವು. ಮೂಲೆಯಲ್ಲಿ ತೂಕಡಿಸುತ್ತಿದ್ದ ಐದನೆಯ ಸದಸ್ಯರು ಪಕ್ಕದವರ ಮೊಣಕೈ ತಾಗಿ ಎಚ್ಚೆತ್ತು, ಏನೆಂದು ಕೇಳದೆ ಕೈ ಎತ್ತಿದರು. ನಲವತ್ತು ಮನೆ ಕೆಡವಲು ಒಂದು ಟೀ ಆರುವಷ್ಟು ಹೊತ್ತೂ ಬೇಕಾಗಲಿಲ್ಲ.

"ಫೋಟೋ ಬೇಕು ಇದರದ್ದು," ಎಂದರು ಅಧ್ಯಕ್ಷರು. "ಆ ಗುಂಡಿ ಅಸಹ್ಯ. ಮರ ಗಿರ ಇದ್ರೆ ಹಾಕಮ್ಮ. ಉದ್ಯಾನ ಅಂತ ಬರೆಯೋಣ. ಬಡವರೂ ಆಚೆಯಿಂದ ನೋಡಿ ಖುಷಿ ಪಡ್ಲಿ."

ಅವಳು ಕಿತ್ತ ಕಟ್ಟಡವನ್ನು ತನ್ನ ಚೀಲದ ಪಕ್ಕ ಇಟ್ಟು, ಡಬ್ಬಿಯಿಂದ ಸ್ಪಂಜಿನ ಮರಗಳನ್ನು ತೆಗೆದಳು. ಗುಂಡಿಯ ತುಂಬ ಅದೇ ಅಂಟು ಸುರಿದಳು. ತನ್ನ ಮನೆಯಿದ್ದ ಜಾಗದಲ್ಲಿ ಒಂದೊಂದಾಗಿ ಮರ ನೆಟ್ಟಳು. ಭಾನುವಾರಕ್ಕೆ ಇನ್ನು ಮೂರು ದಿನ. ಲೈಟ್ ಯಾಕಮ್ಮ ಆರಿಸಿದೆ ಅಂತ ಮಗಳು ಕೇಳಿದರೆ ಏನು ಹೇಳುವುದು?

"ಒಣಗೋಕೆ ಅರ್ಧ ಗಂಟೆ ಬೇಕು ಸರ್," ಎಂದಳು.

"ಅಷ್ಟು ಹೊತ್ತು ಯಾರಮ್ಮ ಕೂತ್ಕೋತಾರೆ? ನಮಗೇನು ಬೇರೆ ಕೆಲಸ ಇಲ್ವಾ?" ಎಂದರು ಬೇರೆ ಕೆಲಸವಿಲ್ಲದ ಅಧ್ಯಕ್ಷರು. ಫೋಟೋ ತೆಗೆಯುವವನು ಬಾಗಿಲಲ್ಲಿ ಕಾಣುತ್ತಲೇ ಅವರು ಕೋಟು ಸರಿಮಾಡಿಕೊಂಡು, ಉದ್ಯಾನದ ಮೇಲೆ ಕೈ ಚಾಚಿದರು. "ನಿಜವಾದ ಮರದ ಹಾಗೇ ಇದೆ, ಅಲ್ವೇನಮ್ಮ?"

ಕೈ ಇಡಬೇಡಿ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಅಲ್ಲೇ ಒಣಗಿತು.

"ಹೌದು ಸರ್. ಚೆನ್ನಾಗಿ ಒತ್ತಿ ನೋಡಿ."

ಅಧ್ಯಕ್ಷರು ಅಂಗೈಯಗಲಿಸಿ ಒತ್ತಿದರು, ಕ್ಯಾಮೆರಾಕ್ಕೆ ನಕ್ಕರು. ಗುಮಾಸ್ತ ಠರಾವಿನ ಹಾಳೆ ತಂದು ಮುಂದಿಟ್ಟ. ಅವರು ಅದೇ ಕೈಯಿಂದ ಹಾಳೆಯನ್ನು ಅದುಮಿ ಹಿಡಿದು, ಇನ್ನೊಂದರಿಂದ ಸಹಿ ಹಾಕಿದರು. ಕೈ ಎತ್ತಿದರೆ ಹಾಳೆಯೂ ಎದ್ದು ಬಂತು. ಕೊಡವಿದರು; ಬಿಡಲಿಲ್ಲ. ಬೆರಳ ಸಂದಿಯಲ್ಲಿ ಮೂರು ಹಸಿರು ಮರ ಅಲುಗಾಡಿದವು. ಗುಮಾಸ್ತ ಒಂದು ತುದಿ ಹಿಡಿದು ಎಳೆಯುತ್ತಿದ್ದ, 'ಹೂಂ ಸ್ವಾಮಿ' ಇನ್ನೊಂದು ತುದಿ.

ಅವಳು ಕಟ್ಟಡವನ್ನು ಚೀಲಕ್ಕಿಟ್ಟು ಜಿಪ್ ಎಳೆದಳು. ಅರ್ಧಕ್ಕೆ ನಿಂತಿತು. ತಿರುಗಿಸಿ ಇಟ್ಟಳು, ಅಡ್ಡ ಮಲಗಿಸಿ ನೋಡಿದಳು. ಎರಡನೇ ಮಹಡಿಯೂ ಅದರ ಮೇಲಿನದೂ ಹೇಗಿಟ್ಟರೂ ಚೀಲದೊಳಗೆ ಹಿಡಿಸಲಿಲ್ಲ. ಹಾಗೇ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು, ಹಳದಿ ಕಿಟಕಿ ಹೊರಗೆ.