ಹೊಗಳಿದ್ದಕ್ಕೆ ವಿಚಾರಣೆ

ಶಾಲೆಯ ಮಕ್ಕಳು ಅವರಿಗಿಟ್ಟ ಹೆಸರು ಅಲಂಕಾರ ಟೀಚರ್. ಕಿವಿಯಲ್ಲಿ ಓಲೆ ಇಲ್ಲ, ಕೈಯಲ್ಲಿ ಬಳೆ ಇಲ್ಲ, ಉಡುವ ಸೀರೆಗಳೆಲ್ಲ ಬೂದಿ ಬಣ್ಣದವು. ಅಂಥವರು ಕರಿಹಲಗೆಯ ಮುಂದೆ ನಿಂತು ಉಪಮೆ, ರೂಪಕ, ಶ್ಲೇಷೆ ಎಂದು ಶುರುಮಾಡಿದರೆ ಗಂಟೆ ಹೊಡೆದದ್ದೂ ಕೇಳಿಸುತ್ತಿರಲಿಲ್ಲ. ಹೆಸರಿನ ಹಿಂದಿನ ಕುಚೋದ್ಯ ಅವರಿಗೆ ಗೊತ್ತಿತ್ತು. ಒಳಗೊಳಗೆ ಅದು ಅವರಿಗೆ ಇಷ್ಟವೇ ಆಗಿತ್ತು.

ಒಂದು ಶನಿವಾರ ಮಧ್ಯಾಹ್ನ ಅವರ ಹೆಸರಿಗೊಂದು ಉದ್ದ ಲಕೋಟೆ ಬಂತು. ಊರ ಹೊರಗಿನ ದೊಡ್ಡ ಲಾಂಡ್ರಿಯಿಂದ. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆಗಳನ್ನೆಲ್ಲ ಒಗೆದು ಇಸ್ತ್ರಿ ಮಾಡಿ ಕಳಿಸುವ ಜಾಗ ಅದು. "ನಮ್ಮ ಸಂಸ್ಥೆಯ ಕೆಲಸಗಾರ್ತಿಯೊಬ್ಬರು ಆಡಿದ ಮಾತು ಹೊಗಳಿಕೆಯೋ ಅವಮಾನವೋ ಎಂಬ ಬಗ್ಗೆ ಭಾಷಾತಜ್ಞರಾದ ತಾವು ಸೋಮವಾರ ಹತ್ತು ಗಂಟೆಗೆ ವಿಚಾರಣೆಯಲ್ಲಿ ಹಾಜರಾಗಿ ಅಭಿಪ್ರಾಯ ನೀಡಬೇಕು" ಎಂದಿತ್ತು. ಜೊತೆಗೆ ಆಕೆ ಮಾಡಿದ್ದ ಭಾಷಣವನ್ನು ಬರೆದಿಟ್ಟ ಒಂದು ಪುಟ.

ಟೀಚರ ಜೊತೆ ಅವರ ಅಕ್ಕ ಇದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಮಾಡಿ ನಿವೃತ್ತರಾದವರು; ಇನ್ನೊಬ್ಬರ ಮಾತು ಕೇಳಿಸಿಕೊಂಡೇ ಜೀವ ಸವೆಸಿದವರು. ಅವರು ಭಾಷಣದ ಹಾಳೆಯನ್ನು ಕಸಿದುಕೊಂಡು ಜೋರಾಗಿ ಓದಿದರು:

"ನಮ್ಮ ಮೇಲ್ವಿಚಾರಕರಂಥ ದಯಾಳು ಎಲ್ಲೂ ಸಿಗಲ್ಲ. ನಾವು ಸಿಕ್ಕಾಪಟ್ಟೆ ನೀರು ಕುಡಿದು ಹೊಟ್ಟೆ ಕೆಡಿಸ್ಕೋಬಾರದು ಅಂತ ನೀರಿನ ಕೋಣೆಗೆ ಬೀಗ ಹಾಕಿದಾರೆ. ಗಾಳಿ ತಾಗಿ ನೆಗಡಿ ಆಗಬಾರದು ಅಂತ ಕಿಟಕಿಗಳಿಗೆ ಮೊಳೆ ಹೊಡಿಸಿದಾರೆ. ಮೊನ್ನೆ ನನ್ನ ಗೆಳತಿ ಆವಿಗೆ ತಲೆಸುತ್ತಿ ಬಿದ್ದಾಗ, ಪಾಪ, ಅವಳ ನಿದ್ದೆ ಹಾಳಾಗಬಾರದು ಅಂತ ಅರ್ಧ ಗಂಟೆ ಯಾರನ್ನೂ ಹತ್ತಿರ ಬಿಡಲಿಲ್ಲ. ಹೆತ್ತ ತಾಯಿನೂ ಇಷ್ಟು ನೋಡ್ಕೊಳ್ಳಲ್ಲ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಯಾರೇ ಈ ಪುಣ್ಯಾತ್ಗಿತ್ತಿ? ಬಾಳೆಹಣ್ಣಿನಲ್ಲಿ ಸೂಜಿ ಚುಚ್ಚಿದ ಹಾಗೆ ಚುಚ್ಚಿದಾಳಲ್ಲ!"

ಟೀಚರ್ ನಗಲಿಲ್ಲ. ಕೆಂಪು ಪೆನ್ನು ತೆಗೆದುಕೊಂಡು ಹಾಳೆಯ ಅಂಚಿನಲ್ಲಿ 'ವ್ಯಾಜಸ್ತುತಿ' ಎಂದು ಬರೆದರು. ಹೊಗಳುವ ನೆಪದಲ್ಲಿ ತೆಗಳುವುದು. ಬೀಗ, ಮೊಳೆ, ಅರ್ಧ ಗಂಟೆ, ಈ ಮೂರರ ಎದುರಿಗೂ 'ಅತಿಶಯೋಕ್ತಿ' ಎಂದು ಬರೆದು ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಇಷ್ಟೆಲ್ಲ ನಿಜ ಇರಲಾರದು, ಹುಡುಗಿ ಸ್ವಲ್ಪ ಎಳೆದಿದ್ದಾಳೆ ಎನ್ನಿಸಿತು.

ಮರುದಿನ ಸಂಜೆ ಆ ಹುಡುಗಿಯೇ ಬಾಗಿಲು ತಟ್ಟಿದಳು. ಹುಡುಗಿ ಅಂದರೆ ಮೂವತ್ತು ದಾಟಿದವಳು, ಎರಡು ಮಕ್ಕಳ ತಾಯಿ. ಬಲಗೈ ಮೇಲೆ ಇಸ್ತ್ರಿಯ ಹಳೇ ಸುಟ್ಟ ಕಲೆಗಳು. ನಕ್ಕಾಗ ಮಾತ್ರ ಟೀಚರಿಗೆ ಗುರುತು ಸಿಕ್ಕಿತು: ಕೊನೇ ಬೆಂಚಿನ ಮೆಣಸಿನಕಾಯಿ! ಮಾತಿನ ಖಾರಕ್ಕೆ ಇಡೀ ತರಗತಿ ಇಟ್ಟ ಹೆಸರು ಅದು.

"ವಾರ್ಷಿಕೋತ್ಸವದಲ್ಲಿ ಎರಡು ಒಳ್ಳೇ ಮಾತಾಡು ಅಂತ ಮೇಲ್ವಿಚಾರಕರೇ ಮೈಕ್ ಕೊಟ್ಟಿದ್ದು ಟೀಚರ್. ಎಲ್ರೂ ಹೊಟ್ಟೆ ಹುಣ್ಣಾಗೋ ಹಾಗೆ ನಗ್ತಾ ಇದ್ರೆ ಅವರು ಕೈಮುಗಿದುಕೊಂಡು ನಿಂತಿದ್ರು. ಮನೆಗೆ ಹೋದ ಮೇಲೆ ಹೆಂಡತಿ ಅರ್ಥ ಬಿಡಿಸಿ ಹೇಳಿದಾರೆ. ಮಾರನೇ ದಿನ ನನಗೆ ನೋಟಿಸ್."

"ನೀನೇನು ಹೇಳಿದೆ?"

"ನಾನು ಹೊಗಳಿದ್ದೀನಿ, ಬೈದಿರೋ ಒಂದೇ ಒಂದು ಪದ ತೋರಿಸಿ ಅಂದೆ." ಅವಳ ದನಿ ಇಳಿಯಿತು. "ನಾಳೆ ನೀವೂ ಅಷ್ಟೇ ಹೇಳಿಬಿಡಿ. ಹೊಗಳಿಕೆ ಅಂತ. ಕೆಲಸ ಹೋದರೆ ನಾವು ಬೀದಿಗೆ ಬೀಳ್ತೀವಿ. ಹೀಗೆ ಹೊಗಳೋದನ್ನ ಹೇಳಿಕೊಟ್ಟಿದ್ದೇ ನೀವು ಅಲ್ವಾ?"

ಟೀಚರಿಗೆ ಅತ್ತ ದರಿ, ಇತ್ತ ಪುಲಿ. ನೋಡೋಣ ಎಂದಷ್ಟೇ ಹೇಳಿ ಕಳಿಸಿದರು. ಆಮೇಲೆ ಕನ್ನಡಿಯ ಮುಂದೆ ನಿಂತು "ಇದು ಶುದ್ಧ ಹೊಗಳಿಕೆ" ಎಂದು ಹೇಳಿ ನೋಡಿಕೊಂಡರು. ಬೇರೆ ಯಾರೋ ಮಾತಾಡಿದಂತಿತ್ತು.

"ಹೀಗೂ ಅನ್ನಬಹುದು, ಹಾಗೂ ಅನ್ನಬಹುದು ಅಂತ ಹೇಳಿಬಿಡ್ಲಾ ಅಕ್ಕ?"

"ಅಡ್ಡಗೋಡೆ ಮೇಲೆ ದೀಪ ಇಡ್ತೀಯಾ? ಹಾಗೆ ಉತ್ತರ ಬರೆದ ಮಕ್ಕಳಿಗೆ ನೀನು ಎಷ್ಟು ಅಂಕ ಕೊಡ್ತಿದ್ದೆ?" ಎಂದರು ಅಕ್ಕ, ಹುರುಳಿಕಾಯಿ ಮುರಿಯುತ್ತ.

ಟೀಚರ್ ಪಕ್ಕದಲ್ಲಿ ಕೂತು ತಾವೂ ಹುರುಳಿಕಾಯಿ ಮುರಿಯತೊಡಗಿದರು.

ಸೋಮವಾರ ಅವರು ಅರ್ಧ ಗಂಟೆ ಮುಂಚೆಯೇ ಲಾಂಡ್ರಿ ತಲುಪಿದರು. ಬಾಗಿಲು ದಾಟುತ್ತಿದ್ದಂತೆ ಸೋಪಿನ ವಾಸನೆಯ ಬಿಸಿ ಗಾಳಿ ಮುಖಕ್ಕೆ ರಾಚಿತು. ಉದ್ದನೆಯ ಹಾಲ್‌ನಲ್ಲಿ ಸಾಲಾಗಿ ಇಸ್ತ್ರಿ ಯಂತ್ರಗಳು; ಬಿಳಿ ಹಾಸುಗಳು ಒಂದು ಕಡೆ ಮುದುಡಿ ಹೋಗಿ ಇನ್ನೊಂದು ಕಡೆ ಕಾಗದದಂತೆ ಹೊರಬರುತ್ತಿದ್ದವು. ಹೆಂಗಸರ ಮುಖಗಳು ಆವಿಯಲ್ಲಿ ಮಸುಕುಮಸುಕು. ಐದು ನಿಮಿಷ ಬೆಂಚಿನ ಮೇಲೆ ಕೂರುವಷ್ಟರಲ್ಲಿ ಟೀಚರ ನಾಲಿಗೆ ಒಣಗಿತು.

"ಕುಡಿಯೋಕೆ ನೀರು ಎಲ್ಲಿ ಸಿಗುತ್ತಪ್ಪ?" ಎಂದು ಕಾವಲುಗಾರನನ್ನು ಕೇಳಿದರು.

ಅವನು ಪಡಸಾಲೆಯ ಕೊನೆಯ ಬಾಗಿಲು ತೋರಿಸಿ, "ಬೀಗದ ಕೈ ಸಾಹೇಬರ ಹತ್ರ ಇದೆ ಅಮ್ಮ. ಊಟದ ಹೊತ್ತಿಗೆ ತೆಗೀತಾರೆ," ಎಂದ.

ಟೀಚರ್ ಎದ್ದು ಹೋಗಿ ನೋಡಿದರು. ಹಿತ್ತಾಳೆಯ ಬೀಗ, ಅಂಗೈ ಅಗಲದ್ದು. ಮುಟ್ಟಿದರೆ ಬೆಚ್ಚಗಿತ್ತು. ಪಕ್ಕದ ಕಿಟಕಿಯ ಚೌಕಟ್ಟಿನಲ್ಲಿ ಮೊಳೆಯ ತಲೆಗಳನ್ನು ಎಣಿಸಿದರು: ಒಂಬತ್ತು. ಚೀಲದಿಂದ ಭಾಷಣದ ಹಾಳೆ ತೆಗೆದು, ತಾವೇ ಬರೆದಿದ್ದ ಕೆಂಪಕ್ಷರಗಳನ್ನು ನೋಡುತ್ತ ಬಹಳ ಹೊತ್ತು ಅಲ್ಲೇ ನಿಂತರು. ಮಕ್ಕಳ ಸರಿ ಉತ್ತರಕ್ಕೆ ತಪ್ಪು ಗೀಟು ಹಾಕಿದಾಗ ಆಗುವ ನಾಚಿಕೆ ಆಯಿತು.

ವಿಚಾರಣೆಯ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಮೇಜಿನ ಹಿಂದೆ ವಿಚಾರಣಾಧಿಕಾರಿಯಾಗಿ ಲಾಂಡ್ರಿಯ ಮಾಲೀಕರು ಹೊರಗಿನಿಂದ ಕರೆಸಿದ ವಯಸ್ಸಾದ ವಕೀಲರು. ಎಡಕ್ಕೆ ಮೇಲ್ವಿಚಾರಕ, ಗರಿಗರಿ ಅಂಗಿ ತೊಟ್ಟವನು. ಬಲಕ್ಕೆ ಮೆಣಸಿನಕಾಯಿ, ತುಟಿ ಬಿಗಿದುಕೊಂಡು.

"ನೇರವಾಗಿ ಹೇಳಿ ಟೀಚರ್. ಇದು ಹೊಗಳಿಕೆಯೋ, ತೆಗಳಿಕೆಯೋ?" ಎಂದರು ವಕೀಲರು.

ಟೀಚರ್ ಅವಳ ಕಡೆ ನೋಡಲಿಲ್ಲ. "ತೆಗಳಿಕೆ. ಇದಕ್ಕೆ ವ್ಯಾಜಸ್ತುತಿ ಅಂತಾರೆ."

ಮೆಣಸಿನಕಾಯಿಯ ಕುರ್ಚಿ ಕಿರ್ರೆಂದಿತು. ಮೇಲ್ವಿಚಾರಕ ಹಿಂದಕ್ಕೆ ಒರಗಿ ಕೂತ. ವಕೀಲರು ಪೆನ್ನಿನ ಮುಚ್ಚಳ ತೆಗೆದರು. "ಹಾಗಾದರೆ ಅವಮಾನ ಸಾಬೀತಾಯ್ತು."

"ನನ್ನ ಮಾತು ಮುಗಿದಿಲ್ಲ ಸ್ವಾಮಿ," ಎಂದರು ಟೀಚರ್. ತರಗತಿಯ ದನಿ ಬಂದಿತ್ತು. "ಈ ಅಲಂಕಾರ ಗಾಳಿಯಲ್ಲಿ ನಿಲ್ಲೋದಿಲ್ಲ. ಕೇಳುವವರಿಗೆ ನಿಜ ಸಂಗತಿ ಮೊದಲೇ ಗೊತ್ತಿರಬೇಕು. ದಾನ ಮಾಡುವವನನ್ನ ಹಿಡಿದು ಎಂಥಾ ದಾನಿ ಅಂದ್ರೆ ಯಾರೂ ನಗಲ್ಲ. ಕೈಬಿಚ್ಚದ ಜಿಪುಣನಿಗೆ ಅಂದ್ರೇನೇ ನಗೋದು. ಅವತ್ತು ಎಷ್ಟು ಜನ ನಕ್ಕರು?"

"ಅರವತ್ತು ಜನ ಇದ್ರು," ಎಂದಳು ಮೆಣಸಿನಕಾಯಿ ಮೆಲ್ಲಗೆ.

"ಅರವತ್ತು ಜನಕ್ಕೂ ಗೊತ್ತಿತ್ತು ಅಂತಾಯ್ತು. ದಯಾಳು, ತಾಯಿ ಅನ್ನೋದು ಹೊರಗಿನ ಬಟ್ಟೆ. ಒಳಗಿರೋದು ಬೀಗ, ಮೊಳೆ. ಇದ್ದದ್ದನ್ನ ಇದ್ದ ಹಾಗೇ ಹೇಳಿದರೆ ಅದಕ್ಕೆ ಸ್ವಭಾವೋಕ್ತಿ ಅಂತಾರೆ. ಆ ಬೀಗ ನಾನು ಈಗ ಮುಟ್ಟಿ ಬಂದೆ."

ಮೇಲ್ವಿಚಾರಕ ದಡಕ್ಕನೆ ಎದ್ದ. "ಬೀಗ ಸುಮ್ಮನೆ ಹಾಕ್ತೀವಾ? ನೀರಿನ ನೆಪದಲ್ಲಿ ಗಂಟೆಗಟ್ಟಲೆ ಹರಟೆ ಹೊಡೀತಾರೆ! ಕಿಟಕಿ ತೆಗೆದ್ರೆ ಒಗೆದ ಬಟ್ಟೆ ಮೇಲೆ ಧೂಳು! ಅವತ್ತು ಬಿದ್ದವಳ ಸುತ್ತ ಎಲ್ಲರೂ ಸೇರಿಬಿಟ್ಟಿದ್ರೆ ಯಂತ್ರ ನೋಡ್ಕೊಳ್ಳೋರು ಯಾರು?"

ವಕೀಲರು ಕನ್ನಡಕದ ಮೇಲಿನಿಂದ ಅವನನ್ನು ದಿಟ್ಟಿಸಿದರು. ಆಮೇಲೆ ಪೆನ್ನು ಹಾಳೆಯ ಮೇಲೆ ಓಡತೊಡಗಿತು, ನಡುವೆ ಒಂದು ಸಲ ತಲೆಯೆತ್ತಿ, "ಅವಳು ಅರ್ಧ ಗಂಟೆ ಹಾಗೇ ಬಿದ್ದಿದ್ಲಾ?" ಎಂದು ಮಾತ್ರ ಕೇಳಿದರು.

ಹೊರಗೆ ಬಂದಾಗ ಮೆಣಸಿನಕಾಯಿ ಟೀಚರಿಗೆ ಬೆನ್ನು ಹಾಕಿ ನಡೆದಳು. ಗೇಟಿನ ಹತ್ತಿರ ಒಮ್ಮೆ ನಿಂತು, "ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಟೀಚರ್?" ಎಂದಳು.

ಮನೆಯಲ್ಲಿ ಅಕ್ಕ ಎಲ್ಲ ಕೇಳಿ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಲ್ಲ, ಬಿಡು," ಎಂದು ಸಮಾಧಾನ ಹೇಳಿದರು. ಆದರೆ ಮುಂದಿನ ಎರಡು ವಾರ ಟೀಚರಿಗೆ ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ. ಚಂದ್ರನಂಥ ಮುಖ, ಸಿಂಹದಂಥ ರಾಜ ಎಂದು ಉದಾಹರಣೆ ಬರೆಯುವಾಗ ಸೀಮೆಸುಣ್ಣ ಅರ್ಧಕ್ಕೇ ನಿಲ್ಲುತ್ತಿತ್ತು. ಮೂವತ್ತೊಂದು ವರ್ಷ ಹೆಸರುಗಳನ್ನು ಕಲಿಸಿದ್ದಾಯಿತು. ಆ ಹೆಸರುಗಳ ಮೇಲೆ ಒಬ್ಬಳ ಅನ್ನ ನೇತಾಡಬಹುದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಸುಳ್ಳು ಹೇಳಬೇಕಿತ್ತೇ? ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಮತ್ತೆ ಮತ್ತೆ ಕೇಳಿಕೊಂಡರು. ಒಂದು ದಿನ ಬೇಕಿರಲಿಲ್ಲ ಅನ್ನಿಸಿದರೆ ಮರುದಿನ ಬೇಕಿತ್ತು ಅನ್ನಿಸುತ್ತಿತ್ತು.

ಮೂರನೇ ವಾರ ತರಕಾರಿ ಅಂಗಡಿಯ ಮುಂದೆ ಯಾರೋ ಚೀಲ ಹಿಡಿದೆಳೆದರು. ಮೆಣಸಿನಕಾಯಿ. ಮೈಯಿಂದ ಸೋಪಿನ ಬದಲು ಬ್ಲೀಚಿನ ವಾಸನೆ ಬರುತ್ತಿತ್ತು.

"ಕೆಲಸ ಉಳೀತು ಟೀಚರ್. ಆದ್ರೆ ಮೂರು ತಿಂಗಳು ಕೊಳೆಬಟ್ಟೆ ವಿಂಗಡಿಸೋ ಕಡೆ ಹಾಕಿದಾರೆ. ಆಸ್ಪತ್ರೆ ಬಟ್ಟೆ, ಮೂಗು ಇಲ್ಲ ಅಂದ್ಕೊಂಡೇ ಮಾಡಬೇಕು." ಸ್ವಲ್ಪ ತಡೆದು ಸೇರಿಸಿದಳು: "ನೀರಿನ ಕೋಣೆ ಬೀಗ ತೆಗೆದ್ರು. ಕಿಟಕಿ ಮೊಳೆ ಹಾಗೇ ಇದೆ."

"ನನ್ನ ಮೇಲೆ ಇನ್ನೂ ಕೋಪವಾ?"

"ಇದೆ," ಎಂದಳು ಅವಳು ಮುಚ್ಚುಮರೆಯಿಲ್ಲದೆ. "ಇಸ್ತ್ರಿ ಹತ್ರ ಇರೋ ಹೆಂಗಸರು ಹೋಗ್ತಾ ಬರ್ತಾ ನೀರು ಕುಡೀತಾರಲ್ಲ, ಅದು ನೋಡಿದಾಗ ಸ್ವಲ್ಪ ಇಳಿಯುತ್ತೆ. ಆಮೇಲೆ ಮತ್ತೆ ಬರುತ್ತೆ."

ಟೀಚರ್ ತಲೆಯಾಡಿಸಿದರು. ಮೆಣಸಿನಕಾಯಿ ರವಿಕೆಯೊಳಗಿಂದ ಮಡಚಿದ ಕಾಗದವೊಂದನ್ನು ತೆಗೆದಳು. "ಎಚ್ಚರಿಕೆ ಪತ್ರ. ಕೊನೇ ಸಾಲು ಓದಿ. ಇದು ಯಾವ ಅಲಂಕಾರ ಅಂತ ನೀವೇ ಹೇಳಬೇಕು."

ಟೀಚರ್ ಕನ್ನಡಕ ಏರಿಸಿ ಓದಿದರು: "ಇನ್ನು ಮುಂದೆ ಸದರಿ ಕೆಲಸಗಾರ್ತಿಯು ಪೂರ್ವಾನುಮತಿ ಪಡೆಯದೆ ಮೇಲಧಿಕಾರಿಗಳನ್ನು ಹೊಗಳತಕ್ಕದ್ದಲ್ಲ."

ಅವರು ಇನ್ನೊಮ್ಮೆ ಓದಿದರು. ನಗು ಎಲ್ಲಿತ್ತೋ, ಬೂದಿ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡರೂ ಉಕ್ಕಿಬಂತು. ತರಕಾರಿಯವನು ತಕ್ಕಡಿ ಹಿಡಿದುಕೊಂಡೇ ಇಬ್ಬರನ್ನೂ ಮಿಕಮಿಕ ನೋಡುತ್ತಿದ್ದ.