ತಿರುವಿನಲ್ಲಿ ಕಾಣದ ಸೈಕಲ್ಲು

ಊರಿನ ದೊಡ್ಡ ರಸ್ತೆಯ ಎಡ ಅಂಚಿಗೆ ಸೈಕಲ್ಲಿನವರಿಗೆಂದೇ ಹಸಿರು ಬಣ್ಣದ ದಾರಿ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಪರದೆ ಅಕ್ಕ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿಯುವುದು ಅವಳ ಕೆಲಸ. ಹೊಲಿದದ್ದನ್ನು ಮಡಿಸಿ, ಸೈಕಲ್ಲಿನ ಹಿಂದೆ ಕಟ್ಟಿ, ಮಂಜು ಇನ್ನೂ ನೆಲ ಬಿಡುವ ಮೊದಲೇ ಹೊರಟುಬಿಡುತ್ತಿದ್ದಳು. ಆ ಹೊತ್ತಿನಲ್ಲಿ ರಸ್ತೆ ಎಲ್ಲಿ ಮುಗಿಯಿತು, ಬಾನು ಎಲ್ಲಿ ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ಚಕ್ರ ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂದು ಅವಳಿಗೇ ಅನುಮಾನ ಬರುತ್ತಿತ್ತು. ತುಳಿಯುತ್ತಿದ್ದರೆ ತೇಲಿದ ಹಾಗೆ.

ದಾರಿ ಚೆನ್ನಾಗಿಯೇ ಇತ್ತು, ನಾಲ್ಕು ರಸ್ತೆ ಕೂಡುವ ಜಾಗ ಬರುವವರೆಗೆ. ಅಲ್ಲಿ ಹಸಿರು ಬಣ್ಣ ಕಲ್ಲಿನ ಅಂಚಿಗೆ ಒತ್ತಿಕೊಂಡು ಹೋಗಿ, ಸಿಗ್ನಲ್ಲಿನ ಬಳಿ ತಟ್ಟನೆ ಮುಗಿದುಹೋಗುತ್ತಿತ್ತು. ನೇರ ಹೋಗುವ ಸೈಕಲ್ಲೂ ಎಡಕ್ಕೆ ತಿರುಗುವ ಲಾರಿಯೂ ಅಕ್ಕಪಕ್ಕದಲ್ಲೇ ನಿಂತು ಕಾಯಬೇಕು. ಹಸಿರು ದೀಪ ಹತ್ತಿದರೆ ಇಬ್ಬರೂ ಒಟ್ಟಿಗೇ ಹೊರಡಬೇಕು.

ಅವತ್ತು ಗಾಳಿ ಜೋರಾಗಿತ್ತು. ಆಸ್ಪತ್ರೆಯ ಮೂಳೆ ವಾರ್ಡಿಗೆ ಹೊಲಿದ ಉದ್ದನೆಯ ಬಿಳಿ ಪರದೆಗಳನ್ನು ಕಟ್ಟಿಕೊಂಡು ಅಕ್ಕ ಹೊರಟಿದ್ದಳು. ಕೆಂಪು ದೀಪ ಇತ್ತು. ಲಾರಿಯೊಂದು ಮೊದಲೇ ನಿಂತಿತ್ತು. ಹಸಿರು ದಾರಿ ಹಿಡಿದು ಬಂದ ಅಕ್ಕ ಅದರ ಪಕ್ಕದಲ್ಲೇ ಕಾಲೂರಿ ನಿಂತಳು. ದೀಪ ಬದಲಾಯಿತು. ಅಕ್ಕ ನೇರ ಹೊರಟಳು, ಲಾರಿ ಎಡಕ್ಕೆ ತಿರುಗಿತು.

ಮುಂದಿನದೆಲ್ಲ ನೀರೊಳಗೆ ನಡೆದ ಹಾಗೆ ನಿಧಾನವಾಗಿ ಆಯಿತು ಎಂದು ಆಮೇಲೆ ಅವಳು ಹೇಳುತ್ತಿದ್ದಳು. ಯಾರೋ ದೊಡ್ಡ ಬಾಗಿಲು ಮುಚ್ಚುತ್ತಿದ್ದಾರೆ ಎನ್ನುವಂತೆ ಲಾರಿಯ ಮೈ ಅವಳ ಕಡೆ ಸರಿದು ಬಂತು. ಸೈಕಲ್ಲು ವಾಲಿತು. ಕಟ್ಟಿದ ದಾರ ಕಿತ್ತು, ಬಿಳಿ ಪರದೆ ಬಿಚ್ಚಿಕೊಂಡು, ಗಾಳಿಗೆ ಮೇಲೆದ್ದು ಲಾರಿಯ ಮುಂದಿನ ಗಾಜಿಗೆ ಹರಡಿತು. ಕಣ್ಣೆದುರು ಬರೀ ಬಿಳುಪು ಕಂಡ ಚಾಲಕ ಗಾಬರಿಯಿಂದ ಬ್ರೇಕ್ ಒತ್ತಿದ. ಅಷ್ಟರಲ್ಲಿ ಲಾರಿಯ ಚಕ್ರ ಸೈಕಲ್ಲಿನ ಮುಂದಿನ ಗಾಲಿಯ ಮೇಲೆ ಹತ್ತಿತ್ತು. ಅದರಡಿ ಅಕ್ಕನ ಕಾಲು ಸಿಕ್ಕಿಕೊಂಡಿತ್ತು. ಪಾದದ ಗಂಟಿನ ಮೂಳೆ ಮುರಿದಿತ್ತು, ಜೀವ ಉಳಿದಿತ್ತು.

ಪರದೆ ತಲುಪಬೇಕಿದ್ದ ವಾರ್ಡಿಗೇ ಅಕ್ಕನನ್ನು ಸೇರಿಸಿದರು. ಮದ್ದಿನ ಮಂಪರಿನಲ್ಲಿ ಅವಳಿಗೆ ಮೇಲಿನ ಚಾವಣಿಯಲ್ಲಿ ರಸ್ತೆಗಳು ಹರಿದಾಡಿದಂತೆ ಕಾಣುತ್ತಿತ್ತು. ಪರದೆ ಹೊಲಿಯಲು ಹೇಳಿದ್ದ ನರ್ಸು ಪಕ್ಕದಲ್ಲೇ ಕೂತು ಅವಳ ಕೈ ಹಿಡಿದುಕೊಂಡಿದ್ದಳು.

ಸುದ್ದಿ ತಿಳಿದು ತಮ್ಮ ಓಡಿ ಬಂದ. ಅವನೂ ಲಾರಿ ಓಡಿಸುವವನೇ. ಅಕ್ಕನ ಮುಖ ನೋಡಿ ಸಮಾಧಾನವಾದ ಮೇಲೆ ಸಿಟ್ಟು ಬಂತು.

“ಅಕ್ಕಾ, ಸೈಕಲ್ಲಿನವರಿಗೆ ಅಂತಾನೇ ಗೆರೆ ಎಳೆದು ಕೊಟ್ಟಿದ್ದಾರೆ. ಅದರೊಳಗೆ ಹೋಗೋದಕ್ಕೆ ಏನು ಕಷ್ಟ?”

“ಗೆರೆ ಒಳಗೇ ಇದ್ದೆ ಕಣೋ.”

ಅವನು ನಂಬಲಿಲ್ಲ. ಇವಳು ಮೋಡ ನೋಡಿಕೊಂಡು ಆಚೆ ಹೋಗಿರುತ್ತಾಳೆ, ಮನೆಯಲ್ಲೂ ಹೀಗೇ, ಸೂಜಿಗೆ ದಾರ ಪೋಣಿಸುತ್ತಾ ಎಲ್ಲಿಗೋ ಹೋಗಿಬಿಡುತ್ತಾಳೆ ಎಂದು ನರ್ಸಿಗೆ ದೂರು ಹೇಳಿದ. ನರ್ಸು ಸಾವಧಾನವಾಗಿ ಕೇಳಿದಳು. ಆ ಸಿಗ್ನಲ್ಲಿನ ಮೂಲೆಯಲ್ಲಿ ಮೂಳೆ ಮುರಿದುಕೊಂಡು ಈ ವಾರ್ಡಿಗೆ ಬಂದವರು ಇವರೊಬ್ಬರೇ ಅಲ್ಲ, ಬಂದವರೆಲ್ಲ ಇದೇ ಮಾತು ಹೇಳಿದ್ದಾರೆ ಎಂದಳು.

“ಗೆರೆ ಒಳಗಿದ್ದದ್ದೇ ತೊಂದರೆ ಅಣ್ಣಾ. ಆ ಗೆರೆ ಇವರನ್ನ ಕರ್ಕೊಂಡು ಹೋಗಿ, ನಿಮ್ಮ ಕಣ್ಣಿಗೆ ಬೀಳದ ಜಾಗದಲ್ಲೇ ನಿಲ್ಲಿಸುತ್ತೆ.”

“ನನ್ನ ಕನ್ನಡಿಯಲ್ಲಿ ಬೆಕ್ಕು ಬಂದರೂ ಕಾಣುತ್ತೆ ಸಿಸ್ಟರ್.”

ಹಾಗಾದರೆ ಭಾನುವಾರ ಲಾರಿ ತಗೊಂಡು ಮೈದಾನಕ್ಕೆ ಬನ್ನಿ, ನೋಡೇಬಿಡೋಣ ಎಂದು ನರ್ಸು ನಕ್ಕಳು.

ಭಾನುವಾರ ಮೈದಾನದ ತುಂಬ ಮಂಜು. ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಅಕ್ಕ ಕುರ್ಚಿಯಲ್ಲಿ ಕೂತಿದ್ದಳು. ನರ್ಸು ತನ್ನ ಸೈಕಲ್ಲನ್ನು ಲಾರಿಯ ಎಡಕ್ಕೆ, ಮುಂದಿನ ಚಕ್ರದ ಹತ್ತಿರ ನಿಲ್ಲಿಸಿ, ಹಿಡಿದುಕೊಳ್ಳಲು, ಜೊತೆಗೆ ಬಂದಿದ್ದ ಅಕ್ಕ-ತಮ್ಮನ ಅಮ್ಮನನ್ನು ಕರೆದಳು. ಫೋಟೋ ತೆಗೆಯುತ್ತಾರೇನೋ ಎಂದು ಅಮ್ಮ ತಲೆಗೂದಲು ಸರಿಮಾಡಿಕೊಂಡಳು. ಇಂಜಿನ್ ಆಫ್ ಇದ್ದ ಲಾರಿಗೆ ತಮ್ಮ ಹತ್ತಿ ಕೂತ.

ಕನ್ನಡಿ ನೋಡಿದ. ಲಾರಿಯ ಮೈ ಕಂಡಿತು, ಒದ್ದೆ ಹುಲ್ಲು ಕಂಡಿತು, ಮಂಜು ಕಂಡಿತು. ಅಮ್ಮ ಇಲ್ಲ. ಬಗ್ಗಿದ, ಕತ್ತು ಚಾಚಿದ. ಇಲ್ಲ. ಬಟ್ಟೆ ಒಣಹಾಕುವಾಗ ಗುನುಗುವ ರಾಗವೊಂದನ್ನು ಅಮ್ಮ ಅಲ್ಲಿ ನಿಂತು ಗುನುಗುತ್ತಿದ್ದಳು. ರಾಗ ಕಿಟಕಿಯಿಂದ ಒಳಗೆ ಬರುತ್ತಿತ್ತು, ಹಾಡುವವಳು ಮಾತ್ರ ಎಲ್ಲೂ ಇರಲಿಲ್ಲ.

“ಅಮ್ಮಾ, ಎಲ್ಲಿದ್ದೀಯಾ?”

“ಇಲ್ಲೇ ಇದ್ದೀನಲ್ಲಪ್ಪಾ, ನಿನ್ನ ಪಕ್ಕದಲ್ಲೇ.”

ಅವನು ಸ್ಟೇರಿಂಗ್ ಬಿಟ್ಟು ಬಾಗಿಲು ತೆರೆದ. ಆಮೇಲೆ ಇಳಿದು ಸುತ್ತಿ ಬಂದು, ಅಮ್ಮನ ಕೈ ಮೇಲೆ ಕೈಯಿಟ್ಟು ಸೈಕಲ್ಲನ್ನು ತಾನೇ ಹಿಡಿದುಕೊಂಡ. ಅಕ್ಕನ ಕಡೆ ತಿರುಗಿ ಹೇಳಿದ್ದು ಇಷ್ಟೇ: “ಆ ಲಾರಿಯವನು ನಿನ್ನನ್ನ ನೋಡಿರಲಿಲ್ಲ ಅಕ್ಕಾ. ನಾನಾಗಿದ್ದರೂ ನೋಡ್ತಾ ಇರಲಿಲ್ಲ.”

ನರ್ಸು ಅಮ್ಮನನ್ನು ಲಾರಿಯ ಮುಂದಕ್ಕೆ, ಮೂಗಿನ ಕೆಳಗಲ್ಲ, ಇನ್ನೂ ಸ್ವಲ್ಪ ದೂರಕ್ಕೆ ಕರೆದೊಯ್ದು ನಿಲ್ಲಿಸಿದಳು. ಈಗ ತಮ್ಮ ಹತ್ತಿ ನೋಡಿದರೆ ಗಾಜಿನ ನಡುವೆ ಅಮ್ಮ ತಲೆಯಿಂದ ಕಾಲಿನವರೆಗೆ ಕಂಡಳು. ಹೀಗೆ ಮುಂದೆ ನಿಲ್ಲಲು ಜಾಗ ಇಲ್ಲದಿದ್ದರೆ ಲಾರಿಯ ಹಿಂದೆಯೇ ನಿಲ್ಲಿ, ಅದು ತಿರುಗಿ ಹೋಗಲಿ, ಪಕ್ಕಕ್ಕೆ ಮಾತ್ರ ನುಗ್ಗಬೇಡಿ ಎಂದು ನರ್ಸು ಹೇಳಿದಳು. ಸಂಜೆಯ ಹೊತ್ತಿಗೆ ತಮ್ಮ ಇದನ್ನೇ ತಾನು ಕಂಡುಹಿಡಿದವನಂತೆ ಬೀದಿಯವರಿಗೆಲ್ಲ ವಿವರಿಸುತ್ತಿದ್ದ.

ಅಷ್ಟಕ್ಕೇ ಅವನು ಬಿಡಲಿಲ್ಲ. ಜೊತೆಯ ಚಾಲಕರನ್ನೂ ಬೀದಿಯ ಸೈಕಲ್ಲಿನವರನ್ನೂ ಸೇರಿಸಿಕೊಂಡು ನಗರಸಭೆಗೆ ಹೋದ. ಇವತ್ತು ಬಾ, ನಾಳೆ ಬಾ ಎಂದು ಅಲೆಸಿದರು. ಕೊನೆಗೆ ಇಂಜಿನಿಯರಮ್ಮ ಒಬ್ಬರು ಆ ಮೂಲೆಗೇ ಬಂದು ಲಾರಿ ಹತ್ತಿ ಕೂತರು. ಸೈಕಲ್ ಹಿಡಿಯಲು ಅಮ್ಮನೇ ಮುಂದೆ ಬಂದಳು, ತನಗೆ ಅಭ್ಯಾಸ ಆಗಿದೆ ಎಂದಳು. ಇಂಜಿನಿಯರಮ್ಮ ಕನ್ನಡಿ ನೋಡಿದರು, ಕಿಟಕಿಯಿಂದ ತಲೆ ಹೊರಹಾಕಿ ನೋಡಿದರು, ಮತ್ತೆ ಕನ್ನಡಿ ನೋಡಿದರು.

“ದಾರಿ ಬಗ್ಗೆ ಯೋಚಿಸಿದ್ವಿ, ತಿರುವಿನ ಬಗ್ಗೆ ಯೋಚಿಸಲಿಲ್ಲ” ಎಂದರು.

ಕೆಲಸಕ್ಕೆ ಸಮಯ ಹಿಡಿಯಿತು, ಆದರೆ ಆಯಿತು. ಗಾಡಿಗಳು ನಿಲ್ಲುವ ಗೆರೆ ಹಿಂದಕ್ಕೆ ಹೋಯಿತು. ಅದರ ಮುಂದೆ, ಎಲ್ಲರಿಗೂ ಕಾಣುವಂತೆ, ಸೈಕಲ್ಲುಗಳು ಕಾಯುವ ಜಾಗ ಬಂತು. ಮೂಲೆಯ ಕಲ್ಲಿನ ಅಂಚನ್ನು ಮುಂದಕ್ಕೆ ಚಾಚಿದ್ದರಿಂದ ತಿರುಗುವ ಗಾಡಿ ನಿಧಾನ ಮಾಡಲೇಬೇಕು. ಸೈಕಲ್ಲಿಗೆ ಬೇರೆಯೇ ಒಂದು ಪುಟ್ಟ ದೀಪ. ಅದು ಮೊದಲು ಹಸಿರಾಗುತ್ತದೆ, ಗಾಡಿಗಳದು ಆಮೇಲೆ.

ಕಾಲು ವಾಸಿಯಾಗಿ ಅಕ್ಕ ಮತ್ತೆ ಅಲ್ಲಿಗೆ ಬಂದ ದಿನ ಸೈಕಲ್ಲು ಕಾಯುವ ಹೊಸ ಜಾಗದಲ್ಲಿ ಕಾಲೂರಿ ನಿಂತಳು. ಹಿಂದೆ ಲಾರಿ ಗುರುಗುಡುತ್ತಿತ್ತು. ತಿರುಗಿ ನೋಡಿದಳು. ಗಾಜಿನಾಚೆ ಗುರುತಿಲ್ಲದ ಚಾಲಕ, ನೋಡಿದ್ದೇನೆ ಎನ್ನುವಂತೆ ಕೈ ಎತ್ತಿದ. ಪುಟ್ಟ ದೀಪ ಹಸಿರಾಯಿತು. ಲಾರಿ ಕದಲುವ ಮೊದಲೇ ಅವಳು ಆಚೆ ದಡ ಸೇರಿದ್ದಳು. ಯಾಕೋ ಕಣ್ಣು ಮಂಜಾಯಿತು, ಆದರೂ ತುಳಿಯುವುದನ್ನು ನಿಲ್ಲಿಸಲಿಲ್ಲ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನೀವು ಸೈಕಲ್ಲಿನವರಾದರೆ ನಿಂತ ಲಾರಿ ಬಸ್ಸಿನ ಪಕ್ಕಕ್ಕೆ ಹೋಗಿ ನಿಲ್ಲಬೇಡಿ, ಬಣ್ಣದ ಗೆರೆ ಕರೆದರೂ ಹೋಗಬೇಡಿ. ಚಾಲಕರ ಮುಖ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುತ್ತಿಲ್ಲ ಎಂದೇ ತಿಳಿಯಿರಿ. ಗಾಡಿ ಓಡಿಸುವವರಾದರೆ, ತಿರುಗಿಸುವ ಮೊದಲು ಒಂದು ಕ್ಷಣ ತಡೆಯಿರಿ, ಕನ್ನಡಿಯಲ್ಲಿ ಯಾರೂ ಇಲ್ಲದಿದ್ದರೂ ತಡೆಯಿರಿ. ಇನ್ನು ನಿಮ್ಮ ಊರಿನ ಸೈಕಲ್ ದಾರಿ ತಿರುವಿಗೆ ಬಂದು ಕೈಬಿಡುತ್ತಿದ್ದರೆ ನಾಲ್ಕು ಜನ ಸೇರಿ ಹೋಗಿ ಕೇಳಿ, ಸರಿ ಮಾಡುವವರೆಗೂ ಕೇಳಿ. ನಾಳೆ ಬೆಳಿಗ್ಗೆ ಅಲ್ಲಿ ಕಾಲೂರಿ ನಿಲ್ಲುವವರು ನಿಮ್ಮ ಮನೆಯವರೇ ಇರಬಹುದು. ಇವತ್ತೇ ಒಮ್ಮೆ ಹೋಗಿ ಆ ಮೂಲೆ ನೋಡಿ ಬನ್ನಿ.